ಹುಳು ಮನೆಯಲ್ಲಿ ನಿಯಮ ಯಾವುದಕ್ಕೆ, ನಿಗಾ ಯಾವುದಕ್ಕೆ

ಶಿಡ್ಲಘಟ್ಟದ ಸುತ್ತ, ಚಿಂತಾಮಣಿ ಕಡೆ, ಕೋಲಾರದ ಹಳ್ಳಿಗಳಲ್ಲಿ ರೇಷ್ಮೆ ಹುಳು ಸಾಕುವ ಮನೆಯ ಬಾಗಿಲ ಪಕ್ಕ ಒಂದು ಕ್ಯಾಲೆಂಡರ್ ನೇತಾಡುವುದು ಸಾಮಾನ್ಯ. ಚಾಕಿ (ಎಳೆಯ) ಹುಳು ತಂದ ದಿನಕ್ಕೆ ಒಂದು ಸುತ್ತು, ಮೂರನೇ ಜ್ವರ (ಹುಳು ಪೊರೆ ಬಿಡುವುದು) ಇಂಥ ತಾರೀಕು, ನಾಲ್ಕನೇ ಜ್ವರ ಇಂಥ ತಾರೀಕು, ಹಣ್ಣಾಗುವುದು (ಗೂಡು ಕಟ್ಟಲು ಸಿದ್ಧವಾಗುವುದು) ಇಂಥ ದಿನ ಎಂದು ಪೆನ್ನಿನಲ್ಲಿ ಗುರುತು. ಸೊಪ್ಪು ಹಾಕುವುದಕ್ಕೂ ಗಡಿಯಾರ: ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು. ಅದೇ ಮನೆಯಲ್ಲಿ ಬ್ಲೀಚಿಂಗ್ ಪುಡಿ ಯಾವಾಗ ಹೊಡೆದಿರಿ ಎಂದು ಕೇಳಿ ನೋಡಿ. "ಹೋದ ಬೆಳೇಲಿ ರೋಗ ಏನೂ ಕಾಣ್ಲಿಲ್ಲ, ಅದಕ್ಕೇ ಈ ಸಲ ಹೊಡೀಲಿಲ್ಲ" ಎಂಬ ಉತ್ತರ ಬಹಳ ಸಲ ಬರುತ್ತದೆ. ಈ ಎರಡು ಸಂಗತಿ ಒಂದೇ ಸೂರಿನಡಿ ಇರುವುದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಹುಳುವನ್ನು ನೋಡಿ ಮಾಡಬೇಕಾದ ಕೆಲಸವನ್ನು ತಾರೀಕು ನೋಡಿ ಮಾಡುತ್ತೇವೆ. ಏನೂ ಕಾಣದಿದ್ದರೂ ಮಾಡಲೇಬೇಕಾದ ಕೆಲಸಕ್ಕೆ, ರೋಗ ಕಾಣಿಸಿಕೊಳ್ಳಲಿ ಎಂದು ಕಾಯುತ್ತೇವೆ. ರೇಷ್ಮೆ ಬೆಳೆ ಕೈಕೊಟ್ಟಾಗ ಹವಾಮಾನ, ಮೊಟ್ಟೆ, ಚಾಕಿ ಕೇಂದ್ರ ಎಲ್ಲವನ್ನೂ ದೂರುವುದುಂಟು. ಬಹಳಷ್ಟು ಸಲ ಕೆಡುಕು ಈ ಅದಲುಬದಲಿನಲ್ಲೇ ಇರುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನೂರು ಮೊಟ್ಟೆ, ಅಂದರೆ ನೂರು ಚಿಟ್ಟೆ ಇಟ್ಟ ಮೊಟ್ಟೆಗಳು, ಎಂದರೆ ನಲವತ್ತರಿಂದ ಐವತ್ತು ಸಾವಿರ ಹುಳು. ಈಗ ಹೆಚ್ಚಿನವರು ಎರಡನೇ ಜ್ವರ ಎದ್ದ ಹುಳುವನ್ನು ಚಾಕಿ ಕೇಂದ್ರದಿಂದ ತರುವುದರಿಂದ ರೈತನ ಕೈಯಲ್ಲಿ ಅವು ಇರುವುದು ಹದಿನೈದು ಹದಿನೇಳು ದಿನ ಮಾತ್ರ. ಅಷ್ಟರಲ್ಲಿ ಮೂರನೇ, ನಾಲ್ಕನೇ ಜ್ವರ ಕಳೆದು, ಗೂಡು ಕಟ್ಟುವ ತಟ್ಟಿಯಾದ ಚಂದ್ರಂಕಿಗೆ ಹತ್ತಬೇಕು. ಇಡೀ ಬೆಳೆಯಲ್ಲಿ ತಿನ್ನುವ ಸೊಪ್ಪಿನ ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚು ತಿನ್ನುವುದು ನಾಲ್ಕನೇ ಜ್ವರ ಎದ್ದ ಮೇಲಿನ ಏಳೆಂಟು ದಿನದಲ್ಲಿ. ಅಂದರೆ ತಪ್ಪು ಎಲ್ಲೇ ಆಗಿದ್ದರೂ ಅದು ಹೊರಗೆ ಬರುವ ಹೊತ್ತಿಗೆ ಸೊಪ್ಪು, ಕೂಲಿ, ಕರೆಂಟು ಎಲ್ಲ ಖರ್ಚಾಗಿ ಹೋಗಿರುತ್ತದೆ.

ಕಾಣದೇ ಇರುವುದಕ್ಕೆ

ಹಾಲುತೊಂಡೆ ರೋಗವನ್ನೇ ತೆಗೆದುಕೊಳ್ಳಿ. ಗೆಣ್ಣುಗಳು ಊದಿ, ಚರ್ಮ ಹೊಳೆಯುತ್ತ, ಹುಳು ಸೊಪ್ಪು ಬಿಟ್ಟು ಅಂಕಣದ (ಹುಳು ಮೇಯುವ ಹಾಸಿನ) ಅಂಚಿನಲ್ಲಿ ಅಲೆಯತೊಡಗಿದಾಗ ನಾವು ಅದನ್ನು ಗುರುತಿಸುತ್ತೇವೆ. ಮುಟ್ಟಿದರೆ ಚರ್ಮ ಒಡೆದು ಹಾಲಿನಂಥ ನೀರು ಸುರಿಯುತ್ತದೆ. ಆದರೆ ವೈರಾಣು ಒಳಸೇರಿದ್ದು ಆ ದಿನ ಅಲ್ಲ, ಐದಾರು ದಿನ ಮೊದಲೇ. ಐದನೇ ಹಂತದ, ಅಂದರೆ ನಾಲ್ಕನೇ ಜ್ವರ ಎದ್ದ ಮೇಲಿನ ದಿನಗಳ, ನಡುವೆ ಕಂಡ ಹಾಲುತೊಂಡೆಗೆ ಬೀಜ ಬಿದ್ದಿರುವುದು ನಾಲ್ಕನೇ ಜ್ವರದ ಆಸುಪಾಸಿನಲ್ಲಿ. ಒಡೆದ ಹುಳುವಿನ ಒಂದು ತೊಟ್ಟು ನೀರಿನಲ್ಲಿ ಲೆಕ್ಕವಿಲ್ಲದಷ್ಟು ವೈರಾಣು ಹರಳುಗಳಿರುತ್ತವೆ. ಗೋಡೆಯ ಬಿರುಕು, ಸ್ಟ್ಯಾಂಡಿನ ಕಟ್ಟು, ಚಂದ್ರಂಕಿಯ ಹೆಣಿಗೆಯ ಸಂದು, ಇಂಥ ಕಡೆ ಅವು ಒಂದು ಬೆಳೆಯಿಂದ ಇನ್ನೊಂದಕ್ಕೆ ಸಲೀಸಾಗಿ ದಾಟುತ್ತವೆ. ಹೋದ ಬೆಳೆಯಲ್ಲಿ ನಾಲ್ಕೇ ಹುಳು ಹೀಗೆ ಸತ್ತಿದ್ದರೆ ಯಾರಿಗೂ ಅದು ರೋಗ ಎನಿಸುವುದಿಲ್ಲ. ಮುಂದಿನ ಬೆಳೆಗೆ ಆ ನಾಲ್ಕೇ ಸಾಕು. ಹಾಗಾಗಿ ಸೋಂಕು ತೊಳೆಯುವ ಕೆಲಸಕ್ಕೆ ಕಣ್ಣಿನ ಸಾಕ್ಷಿ ಕೇಳಬಾರದು. ಬೆಳೆ ಚೆನ್ನಾಗಿ ಬಂದಿರಲಿ, ಬಾರದಿರಲಿ, ಮಾಡುವುದು ಒಂದೇ ಕ್ರಮ.

ಆ ಕ್ರಮದಲ್ಲಿ ಬಹಳ ಜನ ಎಡವುವುದು ಮೊದಲ ಹೆಜ್ಜೆಯಲ್ಲಿ. ಗೂಡು ಬಿಡಿಸಿದ ಕೂಡಲೇ ಪೊರಕೆ ಹಿಡಿಯುತ್ತಾರೆ. ಒಣಗಿದ ಹಿಕ್ಕೆ, ಸತ್ತ ಹುಳು, ಧೂಳು ಎಲ್ಲವೂ ಗಾಳಿಗೆ ಎದ್ದು ಸೂರಿನ ತನಕ ಹೋಗಿ ಕೂರುತ್ತವೆ. ಮೊದಲ ಸಿಂಪಡಣೆ ಆಗಬೇಕಾದ್ದು ಗುಡಿಸುವುದಕ್ಕೆ ಮುಂಚೆ. ಸತ್ತ ಹುಳು, ಕರಗಿದ ಗೂಡುಗಳನ್ನು ಆರಿಸಿ ಸುಡಿ. ಮನೆ ಮತ್ತು ಸಾಮಾನು ಇದ್ದಹಾಗೇ ಒಂದು ಸಲ ಔಷಧಿಯಲ್ಲಿ ನೆನೆಯಲಿ. ಆಮೇಲೆ ಗುಡಿಸಿ, ನೀರು ಹಾಕಿ ಉಜ್ಜಿ ತೊಳೆದು, ಚಂದ್ರಂಕಿ, ಬಲೆಗಳನ್ನು ಬಿಸಿಲಿಗೆ ಹಾಕಿ. ಮುಂದಿನ ಹುಳು ಬರುವುದಕ್ಕೆ ಮೂರು ದಿನ ಮೊದಲು ಎರಡನೇ ಸಿಂಪಡಣೆ. ಹುಳು ಬರುವ ಹಿಂದಿನ ದಿನ ಕಿಟಕಿ ಬಾಗಿಲು ತೆರೆದು ಘಾಟು ಹೋಗುವಂತೆ ಗಾಳಿ ಆಡಲು ಬಿಡಿ.

ಅಳತೆ ಹೀಗೆ. 100 ಲೀಟರ್ ನೀರಿಗೆ 2 ಕೆ.ಜಿ. ಬ್ಲೀಚಿಂಗ್ ಪುಡಿ, 300 ಗ್ರಾಂ ಅರಳಿದ ಸುಣ್ಣ. ಪುಡಿಯನ್ನು ನೇರವಾಗಿ ಡ್ರಮ್ಮಿಗೆ ಸುರಿದರೆ ಗಂಟು ಕಟ್ಟುತ್ತದೆ. ಮೊದಲು ಬಕೆಟ್ಟಿನಲ್ಲಿ ಸ್ವಲ್ಪ ನೀರು ಬೆರೆಸಿ ಹಿಟ್ಟಿನಂತೆ ಕಲಸಿ, ಆಮೇಲೆ ನೀರು ಕೂಡಿಸಿ, ಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ಇಲ್ಲವಾದರೆ ನಾಜಲ್ ಕಟ್ಟಿಕೊಂಡು ಅರ್ಧಕ್ಕೇ ಕೆಲಸ ನಿಲ್ಲುತ್ತದೆ. ನೆಲದ ಒಂದು ಚದರ ಮೀಟರಿಗೆ ಒಂದೂವರೆಯಿಂದ ಎರಡು ಲೀಟರ್ ದ್ರಾವಣ ಬೇಕು. 50 ಅಡಿ ಉದ್ದ, 20 ಅಡಿ ಅಗಲದ ಮನೆಗೆ ಎರಡು ಲೀಟರಿನ ಲೆಕ್ಕದಲ್ಲಿ ಸುಮಾರು 185 ಲೀಟರ್. ಬೆನ್ನಿಗೆ ಹಾಕುವ 16 ಲೀಟರಿನ ಪಂಪಿನಲ್ಲಿ ಹನ್ನೆರಡು ಟ್ಯಾಂಕು. ಮೂರು ನಾಲ್ಕು ಟ್ಯಾಂಕಿಗೆ ಮುಗಿಸಿದರೆ ಅದು ನೀರು ಚಿಮುಕಿಸಿದ ಹಾಗಷ್ಟೇ. ಗೋಡೆ, ಸೂರಿನ ಒಳಮೈ, ಸ್ಟ್ಯಾಂಡಿನ ಅಡಿಭಾಗ ತೊಟ್ಟಿಕ್ಕುವಷ್ಟು ನೆನೆಯಬೇಕು. ಪುಡಿಯಲ್ಲಿ 30 ಪರ್ಸೆಂಟ್ ಕ್ಲೋರಿನ್ ಇರಬೇಕು ಎಂಬುದನ್ನೂ ಮರೆಯಬಾರದು. ಬಾಯಿ ಬಿಚ್ಚಿಟ್ಟ ಮೂಟೆಯಿಂದ ಕ್ಲೋರಿನ್ ಹಾರಿಹೋಗುತ್ತದೆ. ಮೂಗಿಗೆ ಘಾಟು ಹೊಡೆಯದ ಪುಡಿಯಲ್ಲಿ ಔಷಧಿಯ ಗುಣ ಉಳಿದಿಲ್ಲ ಎಂದೇ ತಿಳಿಯಬೇಕು. ಘಾಟು ಇರುವ ಪುಡಿ ಕಣ್ಣು, ಎದೆ ಉರಿಸುವುದರಿಂದ ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್ ಇಲ್ಲದೆ ಹೊಡೆಯಬೇಡಿ.

ಫಾರ್ಮಲಿನ್ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಅಂಗಡಿಯ ಫಾರ್ಮಲಿನ್ 1 ಲೀಟರಿಗೆ 17 ಲೀಟರ್ ನೀರು ಸೇರಿಸಿದರೆ ಎರಡು ಪರ್ಸೆಂಟ್ ಆಗುತ್ತದೆ. ಆದರೆ ಅದು ಕೆಲಸ ಮಾಡುವುದು ಮನೆಯನ್ನು ಗಾಳಿಯಾಡದಂತೆ ಮುಚ್ಚಿ ಒಂದು ದಿನ ಬಿಟ್ಟಾಗ, ಅದೂ ಒಳಗೆ 25 ಡಿಗ್ರಿ ಮೇಲಿನ ಬಿಸಿ ಇದ್ದಾಗ. ನಮ್ಮ ಕಡೆಯ ಶೆಡ್ಡುಗಳು ಬಹುತೇಕ ನಾಲ್ಕೂ ಕಡೆ ಬಲೆ ಕಟ್ಟಿದವು. ಅಂಥ ಕಡೆ ಬ್ಲೀಚಿಂಗ್, ಸುಣ್ಣವೇ ಸರಿ.

ಸುಣ್ಣಕ್ಕೆ ಇಲ್ಲಿ ಇಷ್ಟು ಬೆಲೆ ಯಾಕೆ ಎಂಬುದಕ್ಕೂ ಕಾರಣ ಇದೆ. ಹಾಲುತೊಂಡೆಯ ವೈರಾಣು ಹರಳು ಕ್ಷಾರದಲ್ಲಿ ಕರಗುತ್ತದೆ. ಹುಳುವಿನ ಹೊಟ್ಟೆ ಕ್ಷಾರಮಯವಾದ್ದರಿಂದಲೇ ಅಲ್ಲಿ ಹರಳು ಬಿಚ್ಚಿಕೊಂಡು ರೋಗ ಹತ್ತುತ್ತದೆ. ಹುಳುವಿನ ಹೊರಗೇ, ಸುಣ್ಣದ ನೀರಿನಲ್ಲೇ ಹರಳು ಕರಗಿದರೆ ಒಳಗಿನ ವೈರಾಣುವಿಗೆ ರಕ್ಷೆ ತಪ್ಪಿ ಅದು ಬೇಗ ಸಾಯುತ್ತದೆ. ಬಾಗಿಲಲ್ಲಿ ಬ್ಲೀಚಿಂಗ್ ನೀರಿನಲ್ಲಿ ನೆನೆಸಿದ ಗೋಣಿತಟ್ಟು, ಮನೆಯ ಸುತ್ತ 19 ಪಾಲು ಸುಣ್ಣಕ್ಕೆ 1 ಪಾಲು ಬ್ಲೀಚಿಂಗ್ ಬೆರೆಸಿ ಎರಚುವುದು, ಪ್ರತಿ ಜ್ವರ ಎದ್ದಾಗ ಸೊಪ್ಪು ಹಾಕುವ ಅರ್ಧ ಗಂಟೆ ಮುಂಚೆ ಹುಳುವಿನ ಮೇಲೆ ವಿಜೇತ ಎಂಬ ಸೋಂಕುನಿವಾರಕ ಪುಡಿ ಉದುರಿಸುವುದು, ಇವೆಲ್ಲ ಇದೇ ಸಾಲಿನವು. ಜ್ವರ ಎದ್ದ ಹುಳುವಿನ ಮೈ ಎಳೆಯದು, ಸೋಂಕಿಗೆ ಬೇಗ ಬಲಿಯಾಗುತ್ತದೆ. ಪುಡಿಯ ಹೊತ್ತನ್ನು ಅಲ್ಲಿಗೇ ಇಟ್ಟಿರುವುದು ಅದಕ್ಕೆ. ನೂರು ಮೊಟ್ಟೆಯ ಬೆಳೆಗೆ ನಾಲ್ಕೈದು ಕಿಲೋ ಬೇಕಾಗುತ್ತದೆ.

ಹೊರಗಿನವರನ್ನು ಹುಳು ಮನೆಗೆ ಬಿಡದ ಹಳೆಯ ರೂಢಿಯನ್ನು ಕೆಲವರು ದೃಷ್ಟಿಯ ಭಯ ಎಂದು ಬದಿಗೆ ಸರಿಸುತ್ತಾರೆ. ಕಾರಣ ಏನೇ ಹೇಳಲಿ, ನಡೆ ಸರಿಯಾಗಿದೆ. ಇನ್ನೊಂದು ಹುಳು ಮನೆಯಿಂದ ನೇರ ಬಂದ ಕಾಲು ಅಲ್ಲಿನದನ್ನು ಇಲ್ಲಿಗೆ ತರುತ್ತದೆ. ಅದೇ ರೀತಿ, ಸತ್ತ ಹುಳುವನ್ನು ಅಂಗಳದ ಕೋಳಿಗೆ ಎಸೆಯುವುದು ಇವತ್ತೇ ನಿಲ್ಲಬೇಕಾದ ಅಭ್ಯಾಸ. ಕೋಳಿಯ ಹೊಟ್ಟೆಯಲ್ಲಿ ಹರಳು ಸಾಯುವುದಿಲ್ಲ, ಹಿಕ್ಕೆಯಲ್ಲಿ ಹೊರಬಂದು ಅಂಗಳದಲ್ಲೇ ಉಳಿಯುತ್ತದೆ. ಕಡ್ಡಿಯಿಂದ ಎತ್ತಿ, ಬ್ಲೀಚಿಂಗ್ ಸುಣ್ಣದ ನೀರಿನ ಬೋಗುಣಿಗೆ ಹಾಕಿ, ಆಮೇಲೆ ಹೂಳಿ. ಕೈಯಲ್ಲಿ ಎತ್ತಿ ಅದೇ ಕೈಯಲ್ಲಿ ಸೊಪ್ಪು ಮುಟ್ಟಬೇಡಿ. ಹುಳು ಹಿಕ್ಕೆಯನ್ನೂ ಹಸಿಯಾಗಿ ತೋಟಕ್ಕೆ ಹಾಕದೆ ಗುಂಡಿಯಲ್ಲಿ ಕೊಳೆಸಿ ಗೊಬ್ಬರ ಮಾಡಿ.

ಯಾರೋ ನೋಡಿಟ್ಟಿದ್ದು

ಈ ನಿಯಮಗಳು ಆಕಾಶದಿಂದ ಬಿದ್ದವಲ್ಲ. ಸುಣ್ಣಕಟ್ಟು ರೋಗಕ್ಕೆ ಜನ ಹವೆಯನ್ನೂ ಸೊಪ್ಪನ್ನೂ ದೂರುತ್ತಿದ್ದ ಕಾಲದಲ್ಲಿ, ಇಟಲಿಯ ಅಗೊಸ್ಟಿನೊ ಬಾಸ್ಸಿ ವರ್ಷಗಟ್ಟಲೆ ಸತ್ತ ಹುಳುಗಳನ್ನೇ ನೋಡುತ್ತ ಕೂತು, ಅದು ಒಂದು ಶಿಲೀಂಧ್ರದಿಂದ ಹುಳುವಿನಿಂದ ಹುಳುವಿಗೆ ಹರಡುತ್ತದೆ ಎಂದು 1835ರಲ್ಲಿ ತೋರಿಸಿದರು. ಆ ಶಿಲೀಂಧ್ರಕ್ಕೆ ಬ್ಯೂವೇರಿಯಾ ಬಾಸ್ಸಿಯಾನ ಎಂಬ ಹೆಸರು ಬಂದಿದ್ದು ಅವರಿಂದಲೇ. ಮೂವತ್ತು ವರ್ಷದ ಮೇಲೆ, 1865ರಲ್ಲಿ, ಗಂಟುರೋಗ ಫ್ರಾನ್ಸಿನ ರೇಷ್ಮೆಯನ್ನು ನೆಲಕಚ್ಚಿಸಿದ್ದಾಗ ಲೂಯಿ ಪಾಶ್ಚರ್ ದಕ್ಷಿಣದ ಅಲೆಸ್ ಊರಿಗೆ ಹೋದರು. ಅವರು ರೂಢಿಗೆ ತಂದ ಉಪಾಯ ಸರಳ: ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಹೊಳೆಯುವ ಅಂಡಾಕಾರದ ಕಣ ಕಂಡರೆ ಆ ಚಿಟ್ಟೆಯ ಮೊಟ್ಟೆಯನ್ನು ಸುಟ್ಟುಬಿಡುವುದು. ಗಂಟುರೋಗ ತಾಯಿಯಿಂದ ಮೊಟ್ಟೆಯ ಒಳಗೇ ದಾಟುವುದರಿಂದ ಆಮೇಲೆ ಎಷ್ಟು ತೊಳೆದರೂ ಹೋಗುವುದಿಲ್ಲ. ಇವತ್ತಿಗೂ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ನಡೆಯುವುದು ಇದೇ. ಪೊಟ್ಯಾಸಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಚಿಟ್ಟೆ ಅರೆದು, 600 ಪಟ್ಟು ಹಿಗ್ಗಿಸಿ ನೋಡುತ್ತಾರೆ. ನಾವು ಕೊಳ್ಳುವ ಮೊಟ್ಟೆ ಚೀಟಿಯ ಮೇಲೆ ರೋಗರಹಿತ ಎಂದು ಬರೆದಿರುವುದರ ಅರ್ಥ ಅಷ್ಟೇ: ಯಾರೋ ಕೂತು ತಾಯಿ ಚಿಟ್ಟೆಗಳನ್ನು ನೋಡಿದ್ದಾರೆ. ತುಮಕೂರು ಜಿಲ್ಲೆಯ ಕುಣಿಗಲ್ ಸೀಮೆಯಲ್ಲಿ ಮೈಸೂರು ತಳಿಯ ಬಿತ್ತನೆ ಗೂಡನ್ನೇ (ಮೊಟ್ಟೆಗಾಗಿ ಇರುವ ಗೂಡನ್ನೇ) ಬೆಳೆಯುವ ಕಟ್ಟುಪಾಡು, ಮೊಟ್ಟೆ ಮಾರಾಟಕ್ಕೆ ಲೈಸೆನ್ಸ್ ಕೇಳುವ 1959ರ ರಾಜ್ಯದ ಕಾಯ್ದೆ, ಇವೆಲ್ಲ ಆ ನೋಟವನ್ನು ಕಾಪಾಡಲಿಕ್ಕೆ ಇರುವ ಬೇಲಿ. ಲೈಸೆನ್ಸ್ ಇಲ್ಲದ ಕಡೆ ಸೋವಿ ಸಿಕ್ಕಿತೆಂದು ಮೊಟ್ಟೆ ಕೊಳ್ಳುವವರು ಆ ನೋಟವನ್ನೇ ಕೈಬಿಡುತ್ತಾರೆ.

ಜ್ವರ

ಈಗ ಇನ್ನೊಂದು ಬದಿ. ಜ್ವರ ಎಂದು ನಾವು ಕರೆಯುವ ಪೊರೆ ಬಿಡುವ ಹೊತ್ತಿಗೆ ಯಾವ ಕ್ಯಾಲೆಂಡರೂ ಸಾಲದು. ಮೂರನೇ ಜ್ವರ ಎದ್ದ ನಾಲ್ಕನೇ ದಿನವೋ ಐದನೇ ದಿನವೋ ನಾಲ್ಕನೆಯದಕ್ಕೆ ಕೂರುತ್ತದೆ ಎಂಬುದು ಅಂದಾಜು. ಮನೆಯೊಳಗೆ 25 ಡಿಗ್ರಿ ಇದ್ದರೆ ಒಂದು ಲೆಕ್ಕ, ಡಿಸೆಂಬರಿನ ನಂದಿ ತಪ್ಪಲಿನ ಚಳಿಯಲ್ಲಿ 20ಕ್ಕೆ ಇಳಿದರೆ ಬೇರೆ ಲೆಕ್ಕ, ಏಪ್ರಿಲಿನಲ್ಲಿ ಶೀಟಿನಡಿ 33 ಮುಟ್ಟಿದರೆ ಇನ್ನೊಂದು. ಸೊಪ್ಪು ಬಲಿತಿದೆಯೋ ಎಳೆಯದೋ ಎಂಬುದರ ಮೇಲೂ ಹೋಗುತ್ತದೆ.

ಜ್ವರಕ್ಕೆ ಕೂರುವ ಹುಳು ತಿನ್ನುವುದನ್ನು ನಿಧಾನ ಮಾಡುತ್ತದೆ. ಮೈ ಬಿಗಿದು, ಎಣ್ಣೆ ಸವರಿದಂತೆ ಮಿನುಗುತ್ತದೆ. ತಲೆ ಚಿಕ್ಕದಾಗಿ, ಅದರ ಹಿಂದೆ ಕಪ್ಪು ತ್ರಿಕೋನದ ಗುರುತು ಕಾಣುತ್ತದೆ. ಕಾಲು ಊರಿ, ತಲೆ ಎತ್ತಿ ಅಲ್ಲಾಡದೆ ನಿಲ್ಲುತ್ತದೆ. ಹೀಗೆ ಸುಮಾರು ಒಂದು ದಿನ. ಎದ್ದ ಹುಳುವಿನ ತಲೆ ದೊಡ್ಡದು, ಬಾಯಿ ಅಗಲ, ಚರ್ಮ ಸಡಿಲವಾಗಿ ಮಂಕಾಗಿರುತ್ತದೆ, ಸೊಪ್ಪು ಹುಡುಕುತ್ತ ತಲೆ ಆಡಿಸುತ್ತದೆ.

ನಲವತ್ತು ಸಾವಿರ ಹುಳು ಒಂದೇ ಗಳಿಗೆಯಲ್ಲಿ ಕೂತು ಒಂದೇ ಗಳಿಗೆಯಲ್ಲಿ ಏಳುವುದಿಲ್ಲ. ಅಲ್ಲೇ ಇರುವುದು ಕಷ್ಟ. ನೂರಕ್ಕೆ ತೊಂಬತ್ತೈದು ಕೂತ ಮೇಲೆ ಸೊಪ್ಪು ನಿಲ್ಲಿಸಿ, ಸುಣ್ಣದ ಪುಡಿ ತೆಳುವಾಗಿ ಉದುರಿಸಿ ಅಂಕಣ ಒಣಗಿಸಬೇಕು. ಮತ್ತೆ ತೊಂಬತ್ತೈದು ಎದ್ದ ಮೇಲಷ್ಟೇ ಮೊದಲ ಸೊಪ್ಪು. ಗಡಿಯಾರ ಆರು ಹೊಡೆಯಿತೆಂದು ಅರ್ಧ ಕೂತಿರುವ ಹುಳುವಿನ ಮೇಲೆ ಹಸಿ ಸೊಪ್ಪು ಹಾಸಿದರೆ, ಕೂತವು ಅಡಿಯಲ್ಲಿ ಸಿಕ್ಕಿ, ಒದ್ದೆಯಲ್ಲಿ ಪೊರೆ ಪೂರ್ತಿ ಬಿಡಲಾಗದೆ ಸಾಯುತ್ತವೆ. ಏಳುವಾಗ ಅವಸರ ಮಾಡಿದರೆ ಕೆಡುಕು ಬೇರೆ ಬಗೆಯದು. ಮೊದಲು ಎದ್ದವು ತಿಂದು ಮುಂದೆ ಹೋಗುತ್ತವೆ, ಹಿಂದಿನವು ಹಿಂದೆಯೇ ಉಳಿಯುತ್ತವೆ. ಆ ಅಂತರ ಹಣ್ಣಾಗುವ ದಿನದ ತನಕ ಮುಚ್ಚುವುದಿಲ್ಲ. ಒಂದೇ ಅಂಕಣದಲ್ಲಿ ಕೆಲವು ಗೂಡು ಕಟ್ಟುತ್ತಿರುತ್ತವೆ, ಕೆಲವು ಇನ್ನೂ ಸೊಪ್ಪು ಕೇಳುತ್ತಿರುತ್ತವೆ. ಹಿಂದುಳಿದ ಸಣ್ಣ ಹುಳುಗಳಲ್ಲೇ ರೋಗ ಮೊದಲು ಬೀಡುಬಿಡುವುದು.

ನಾಲ್ಕನೇ ಜ್ವರ ಏಳುವ ಬೆಳಗಿನ ದೃಶ್ಯವನ್ನು ಈ ಕಸುಬಿನವರೆಲ್ಲ ಬಲ್ಲರು. ಕಡಿದು ತಂದ ಸೊಪ್ಪಿನ ಹೊರೆ ಬಾಗಿಲಲ್ಲಿ ಬಿದ್ದಿರುತ್ತದೆ, ಬಾಡುತ್ತದೆಂದು ಮಗನಿಗೆ ಆತುರ.

"ಅಮ್ಮಾ, ಎದ್ದವೆ ನೋಡು, ಹಾಕ್ಬಿಡೋಣ."

ಅಮ್ಮ ಎದ್ದವನ್ನು ನೋಡುವುದೇ ಇಲ್ಲ. ಬಗ್ಗಿ, ಒಣಗಿದ ಕಡ್ಡಿಯನ್ನು ಎತ್ತಿ ಅಡಿಯಲ್ಲಿ ಇರುವುದನ್ನು ನೋಡುತ್ತಾಳೆ. ಮಧ್ಯದಲ್ಲೊಂದು ಕಡೆ, ಗೋಡೆ ಪಕ್ಕದ ತಣ್ಣನೆ ಮೂಲೆಯಲ್ಲೊಂದು ಕಡೆ, ಕೆಳಗಿನ ಅಟ್ಟದಲ್ಲೊಂದು ಕಡೆ.

"ಮೇಲಿರೋವು ಎದ್ದವೆ ಕಣಪ್ಪಾ. ಅಡೀಲಿ ಇನ್ನಾ ಕೂತವೆ. ಸೊಪ್ಪಿನ ಮೇಲೆ ಒದ್ದೆ ಗೋಣಿ ಹೊದಿಸು, ಮಧ್ಯಾಹ್ನ ನೋಡಾಣ."

ಇದರಲ್ಲಿ ಇಡೀ ವಿದ್ಯೆ ಇದೆ ಅನ್ನಿಸುತ್ತದೆ ನನಗೆ. ಕಣ್ಣಿಗೆ ಬೀಳುವುದು ಚುರುಕಾಗಿ ಮೇಲೆ ಬಂದ ಹುಳು. ತೀರ್ಮಾನ ಮಾಡಬೇಕಾದ್ದು ಅಡಿಯಲ್ಲಿ ಉಳಿದಿರುವುದನ್ನು ನೋಡಿ. ಬಾಗಿಲ ಹತ್ತಿರದ ಅಂಕಣ ಬೆಚ್ಚಗಿದ್ದು ಬೇಗ ಎದ್ದಿದ್ದರೆ, ಅಲ್ಲಿನದನ್ನೇ ಮನೆಯ ಲೆಕ್ಕ ಎಂದುಕೊಳ್ಳಬಾರದು. ಮೂರು ನಾಲ್ಕು ಕಡೆ ಎತ್ತಿ ನೋಡಲೇಬೇಕು. ಹಾಗೆಂದು ಪೂರ್ತಿ ನೂರಕ್ಕೆ ನೂರು ಏಳಲಿ ಎಂದು ಕಾದರೆ ಮೊದಲು ಎದ್ದವು ಹಸಿದು ಸೊರಗುತ್ತವೆ. ಐದು ಪಾಲನ್ನು ಬಿಡಬೇಕು, ತೀರಾ ಹಿಂದುಳಿದವನ್ನು ಆರಿಸಿ ತೆಗೆಯಬೇಕು.

ಪಕ್ಕದ ತೋಟ

ನಿಯಮ, ನಿಗಾ ಎರಡೂ ಸೋಲುವ ಜಾಗ ಒಂದಿದೆ. ಅದು ಹಿಪ್ಪುನೇರಳೆಯ ಪಕ್ಕದ ಟೊಮೆಟೊ, ದ್ರಾಕ್ಷಿ, ಹೂವಿನ ತೋಟ. ಗಾಳಿಯಲ್ಲಿ ತೇಲಿಬಂದ ಔಷಧಿ ಸೊಪ್ಪಿನ ಮೇಲೆ ಕಾಣುವುದಿಲ್ಲ. ಹುಳು ತಲೆ ಕೊಡವಿ, ಹಸಿರು ನೀರು ಕಾರಿ, ಮೈ ಕುಗ್ಗಿಸಿ ಮಗ್ಗುಲಿಗೆ ಬಿದ್ದಾಗ ತಿಳಿಯುತ್ತದೆ. ಕೆಲವು ಔಷಧಿಗಳ ಕಾಟ ಬೇಗ ತೀರುತ್ತದೆ. ಆದರೆ ಕಾಯಿಕೊರಕಕ್ಕೆ ಎಲ್ಲರೂ ಹೊಡೆಯುವ ಕ್ಲೋರಾಂಟ್ರಾನಿಲಿಪ್ರೋಲ್ ಅಂಥದಲ್ಲ, ಅದು ಎಲೆಯಲ್ಲಿ ಬಹಳ ದಿನ ಉಳಿಯುತ್ತದೆ, ಅತಿ ಸ್ವಲ್ಪ ಸೇರಿದರೂ ರೇಷ್ಮೆ ಹುಳುವಿಗೆ ಮಾರಕ. ಜೈವಿಕ ಔಷಧಿ ಎಂದು ಸಮಾಧಾನಪಡುವಂತೆಯೂ ಇಲ್ಲ. ಜೈವಿಕ ಎಂದು ಮಾರುವ ಬ್ಯೂವೇರಿಯಾ ಸುಣ್ಣಕಟ್ಟಿನ ಶಿಲೀಂಧ್ರವೇ. ಕೀಟ ಕೊಲ್ಲಲು ಬಳಸುವ ಬಿ.ಟಿ. ಬ್ಯಾಕ್ಟೀರಿಯಾವನ್ನು ಜಪಾನಿನ ಇಶಿವಾತ 1901ರಲ್ಲಿ ಮೊದಲು ಗುರುತಿಸಿದ್ದೇ ಸತ್ತ ರೇಷ್ಮೆ ಹುಳುವಿನಲ್ಲಿ. ಪಕ್ಕದವರು ಯಾವುದು ಹೊಡೆಯುತ್ತಾರೆ, ಯಾವ ದಿನ ಹೊಡೆಯುತ್ತಾರೆ ಎಂದು ಮುಂಚೆಯೇ ಮಾತಾಡಿಕೊಳ್ಳುವುದು ಬಿಟ್ಟು ಬೇರೆ ದಾರಿ ಇಲ್ಲ. ಆ ಬದಿಯ ಸಾಲುಗಳನ್ನು ಹುಳುವಿಗೆ ತರದೆ ಬಿಡುವುದು ಒಳ್ಳೆಯದು. ಅನುಮಾನ ಬಂದ ಸೊಪ್ಪನ್ನು ನಾಲ್ಕಾರು ಡಜನ್ ಹುಳುವಿಗೆ ಬೇರೆ ತಟ್ಟೆಯಲ್ಲಿ ಹಾಕಿ, ಒಂದು ದಿನ ಪೂರ್ತಿ ಕಾದು ನೋಡಿ. ಒಂದೆರಡು ಗಂಟೆ ನೋಡಿ ಸರಿ ಇದೆ ಎಂದುಕೊಳ್ಳಬೇಡಿ, ನಿಧಾನಕ್ಕೆ ಕೊಲ್ಲುವ ವಿಷ ಅಷ್ಟು ಬೇಗ ತೋರುವುದಿಲ್ಲ.

ರೇಷ್ಮೆ ಹುಳುವಿನ ಮೈಯಲ್ಲೇ ಮರಿ ಬೆಳೆಸುವ ಉಜಿ ನೊಣದ ಮಾತು ಚಿಕ್ಕದು. 1980ರಲ್ಲಿ ಕರ್ನಾಟಕಕ್ಕೆ ಬಂದು ಸೇರಿಕೊಂಡ ಇದಕ್ಕೆ ಬಲೆ ಮತ್ತು ಎರಡು ಬಾಗಿಲು ನಿಯಮ. ಹುಳುವಿನ ಮೈಮೇಲೆ ಬಿಳಿಯ ಸಣ್ಣ ಮೊಟ್ಟೆ, ಎರಡು ಮೂರು ದಿನದ ಮೇಲೆ ಕಪ್ಪು ಕಲೆ, ಇದು ನಿಗಾ. ಕಪ್ಪು ಕಲೆಯ ಹುಳುವನ್ನು ಆರಿಸಿ ತೆಗೆಯದಿದ್ದರೆ ಮರಿ ಹೊರಬಂದು ಬಿರುಕಿನಲ್ಲಿ ಕೋಶ ಕಟ್ಟುತ್ತದೆ. ಗೂಡಿನ ಒಳಗೆ ಉಳಿದರೆ ಅದನ್ನು ತೂತು ಮಾಡಿ ಬರುತ್ತದೆ, ತೂತು ಗೂಡಿನಿಂದ ನೂಲು ಬಿಚ್ಚಲಾಗುವುದಿಲ್ಲ.

ಹಣ್ಣು

ಹಣ್ಣಾದ ಹುಳು ಸೊಪ್ಪು ಬಿಡುತ್ತದೆ. ಮೈ ಕುಗ್ಗಿ, ಬೆಳಕಿಗೆ ಹಿಡಿದರೆ ಒಳಗಿನ ತನಕ ಕಾಣುವಷ್ಟು ತಿಳಿಯಾಗುತ್ತದೆ. ಹಿಕ್ಕೆ ಮೆತ್ತಗಾಗುತ್ತದೆ. ತಲೆ ಎತ್ತಿ ಆಸರೆ ಹುಡುಕುತ್ತದೆ. ತಡಮಾಡಿದರೆ ಕಡ್ಡಿ ಸಂದಿಯಲ್ಲೇ ನೂಲು ಸುರಿದು ವ್ಯರ್ಥ, ಆತುರಪಟ್ಟರೆ ಹಣ್ಣಾಗದ ಹುಳು ಚಂದ್ರಂಕಿಯ ಮೇಲೆ ಅಲೆದು ಕೆಳಗಿನ ಗೂಡನ್ನೆಲ್ಲ ಮಲಮೂತ್ರದಿಂದ ಕೆಡಿಸುತ್ತದೆ. ಒಟ್ಟಿಗೆ ಹಣ್ಣಾಗಲಿ ಎಂದು ಸಂಪೂರ್ಣ ಎಂಬ ದ್ರಾವಣವನ್ನು ಸೊಪ್ಪಿಗೆ ಚಿಮುಕಿಸುತ್ತಾರೆ, ಉಳಿದವೂ ಒಂದು ದಿನದೊಳಗೆ ಹಣ್ಣಾಗುತ್ತವೆ. ಕೂಲಿಯವರು ಸಿಗದ ಈ ಕಾಲದಲ್ಲಿ ಅದು ದೊಡ್ಡ ಅನುಕೂಲವೇ. ಆದರೆ ಅದನ್ನು ಹಾಕುವ ಗಳಿಗೆ ಮತ್ತೆ ಕಣ್ಣಿಗೇ ಸೇರಿದ್ದು: ನೂರಕ್ಕೆ ಐದು ಹುಳುವಾದರೂ ಹಣ್ಣಾಗಿ ಕಾಣಬೇಕು. ಆಳುಗಳು ನಾಳೆ ಬರುತ್ತಾರೆ ಎಂಬ ಕಾರಣಕ್ಕೆ ಇವತ್ತೇ ಹಾಕಿದರೆ, ಇನ್ನೂ ಎರಡು ದಿನ ತಿನ್ನಬೇಕಿದ್ದ ಹುಳು ಹಗುರ ಗೂಡು ಕಟ್ಟುತ್ತದೆ.

ಆರು ಅಡಿ, ನಾಲ್ಕು ಅಡಿಯ ಚಂದ್ರಂಕಿಗೆ ಒಂದು ಸಾವಿರ ಹುಳು ಮೀರಬಾರದು. ಮೀರಿದರೆ ಎರಡು ಹುಳು ಸೇರಿ ಕಟ್ಟುವ ಜೋಡಿ ಗೂಡು ಹೆಚ್ಚುತ್ತದೆ. ಗೂಡು ಕಟ್ಟುವ ಮುಂಚೆ ಪ್ರತಿ ಹುಳುವೂ ಮೂತ್ರ ಬಿಡುವುದರಿಂದ ಆ ಎರಡು ದಿನ ಗಾಳಿ ಚೆನ್ನಾಗಿ ಆಡಬೇಕು. ಚಳಿ ಎಂದು ಎಲ್ಲ ಮುಚ್ಚಿದ ಮನೆಯ ಗೂಡು ನೋಡಲು ಚೆನ್ನಾಗಿಯೇ ಇರುತ್ತದೆ, ಗೂಡಿನಿಂದ ನೂಲು ತೆಗೆಯುವ ರೀಲರ್ ಬಾಣಲೆಯಲ್ಲಿ ಬಿಚ್ಚುವಾಗ ಎಳೆ ಕಡಿದು ಕಡಿದು ಬರುತ್ತದೆ. ಆ ರೀಲರ್ ಮುಂದಿನ ಸಲ ನಿಮ್ಮ ಗೂಡಿಗೆ ಬೆಲೆ ಕೂಗುವುದಿಲ್ಲ.

ಗೂಡು ಬಿಡಿಸುವುದು ಮಿಶ್ರತಳಿಗೆ ಐದನೇ ದಿನ, ಬೈವೋಲ್ಟೀನ್ ತಳಿಗೆ ಆರು ಏಳನೇ ದಿನ ಎನ್ನುವುದು ಬಾಯಿಲೆಕ್ಕ. ಅವತ್ತು ರೇಟು ಚೆನ್ನಾಗಿದೆಯೆಂದು ಒಂದು ದಿನ ಮೊದಲೇ ಬಿಡಿಸುವವರಿದ್ದಾರೆ. ಒಳಗೆ ಕೋಶ (ಪ್ಯೂಪಾ) ಇನ್ನೂ ಹಳದಿಯಾಗಿ ಮೆತ್ತಗಿದ್ದರೆ ಚೀಲದಲ್ಲಿ ಶಿಡ್ಲಘಟ್ಟದ ತನಕ ಹೋಗುವಷ್ಟರಲ್ಲಿ ಒಡೆದು ಗೂಡಿನ ಒಳಗೋಡೆಗೆ ಕಲೆ ಹತ್ತುತ್ತದೆ. ಮಾರುಕಟ್ಟೆಯಲ್ಲಿ ಹರಾಜು ಮೊಬೈಲಿಗೆ ಬಂದಿದ್ದರೂ, ರೀಲರುಗಳು ಲಾಟಿನ ಮುಂದೆ ನಿಂತು ಒಂದು ಹಿಡಿ ಗೂಡು ಕಿವಿ ಹತ್ತಿರ ಅಲ್ಲಾಡಿಸುವುದನ್ನು ಬಿಟ್ಟಿಲ್ಲ. ಗಟ್ಟಿ ಕೋಶ ಗೂಡಿಗೆ ಬಡಿದು ಸದ್ದು ಮಾಡುತ್ತದೆ, ಒಡೆದದ್ದು ಅಂಟಿಕೊಂಡು ಸುಮ್ಮನಿರುತ್ತದೆ. ಬಿಡಿಸುವ ಮುಂಚೆ ನಾಲ್ಕೈದು ಗೂಡು ಕತ್ತರಿಸಿ ಕೋಶ ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾಗಿದೆಯೇ ನೋಡಿ. ಮೊದಲು ಹತ್ತಿಸಿದ ಚಂದ್ರಂಕಿಯಿಂದ ಕತ್ತರಿಸಬೇಡಿ, ಕೊನೆಗೆ ಹತ್ತಿಸಿದ್ದರಿಂದ, ಅದರಲ್ಲೂ ತಣ್ಣನೆ ಬದಿಗೆ ಇಟ್ಟಿದ್ದರಿಂದ ತೆಗೆಯಿರಿ. ಅಲ್ಲಿ ಗಟ್ಟಿಯಾಗಿದ್ದರೆ ಎಲ್ಲ ಕಡೆಯೂ ಗಟ್ಟಿಯಾಗಿರುತ್ತದೆ, ಅವತ್ತೇ ಸಂಜೆ ಬಿಡಿಸಿ ಮರುದಿನ ಬೆಳಿಗ್ಗೆ ಮಾರುಕಟ್ಟೆಗೆ ಹೊರಡಬಹುದು.